"ಟರ್ನ್ ಆಫ್ ಇಟ್" ತಪ್ಪು, "ಲುಕ್ ಇಟ್ ಆಫ್ಟರ್" ಕೂಡ ತಪ್ಪು. ಹಾಗಾದರೆ ನಿಯಮ ಏನು?

ಸೋಗೆಮನೆ ಕೇಳಿದ್ದು:

ತೀರ್ಥಹಳ್ಳಿ ಕಡೆಯ ಒಂದು ಹೋಂಸ್ಟೇಯಲ್ಲಿ ಅತಿಥಿಗಳನ್ನು ನೋಡಿಕೊಳ್ಳುವ ಕೆಲಸ. ಇಂಗ್ಲಿಷಿನ ಕಾಲ, ವಚನ, ಪ್ರಶ್ನೆ ಕೇಳುವ ರೀತಿ ಎಲ್ಲ ಒಂದು ಮಟ್ಟಕ್ಕೆ ಬರುತ್ತದೆ. ಎಡವುವುದು ಫ್ರೇಸಲ್ ವರ್ಬ್‌ಗಳಲ್ಲಿ, ಅಂದರೆ ಕ್ರಿಯಾಪದದ ಜೊತೆ ಆಫ್, ಅಪ್, ಆಫ್ಟರ್ ಥರದ ಪುಟ್ಟ ಪದ ಸೇರಿದ ಜೋಡಿಗಳಲ್ಲಿ. "ಟರ್ನ್ ಆಫ್ ದ ಗೀಸರ್" ಸರಿ, "ಟರ್ನ್ ದ ಗೀಸರ್ ಆಫ್" ಅಂದರೂ ಸರಿ, ಆದರೆ "ಟರ್ನ್ ಆಫ್ ಇಟ್" ತಪ್ಪಂತೆ. ಆಯ್ತು, "ಇಟ್" ನಡುವೆ ಬರಬೇಕು ಅಂತ "ಲುಕ್ ಇಟ್ ಆಫ್ಟರ್" ಅಂದರೆ ಅದೂ ತಪ್ಪು.

ಐನೂರು ಫ್ರೇಸಲ್ ವರ್ಬ್‌ಗಳ ಪಟ್ಟಿ ಅಂತ ಸಿಗುವುದನ್ನು ಅಕಾರಾದಿಯಾಗಿ ಬಾಯಿಪಾಠ ಮಾಡಿದರೆ ಮರುದಿನ ಪುಟ್ ಅಪ್, ಪುಟ್ ಆಫ್, ಪುಟ್ ಔಟ್ ಮೂರೂ ಕಲಸಿ ಅಂಬಲಿ ಆಗಿರುತ್ತದೆ. ಎಲ್ಲಿ ಒಡೆಯಬಹುದು, ಎಲ್ಲಿ ಒಡೆಯಬಾರದು ಅಂತ ತಿಳಿಯಲು ಏನಾದರೂ ಗುರುತು ಇದೆಯೇ? ಪಟ್ಟಿ ಬೇಡ, ದಾರಿ ಹೇಳಿ.

ತುಂಗಾದಂಡೆ ಉತ್ತರ:

ಎರಡನ್ನೂ ಒಂದೇ ಜಾತಿ ಅಂದುಕೊಂಡದ್ದರಿಂದ ಈ ಗೊಂದಲ. ಕ್ರಿಯಾಪದದ ಬೆನ್ನಿಗೆ ಬರುವ ಪುಟ್ಟ ಪದವನ್ನು ಸದ್ಯಕ್ಕೆ ಬಾಲ ಎಂದು ಕರೆಯೋಣ. ಕೆಲವು ಬಾಲ ಕ್ರಿಯಾಪದದ ಸ್ವತ್ತು. ಇನ್ನು ಕೆಲವು ಮುಂದೆ ಬರುವ ನಾಮಪದದ ಸ್ವತ್ತು, ಥೇಟ್ ನಮ್ಮ ವಿಭಕ್ತಿ ಪ್ರತ್ಯಯದಂತೆ. "ಮನೆಗೆ" ಅನ್ನುವಲ್ಲಿ "ಗೆ" ಹೇಗೆ ಮನೆಯನ್ನು ಬಿಟ್ಟು ಆಚೆ ಹೋಗಿ ನಿಲ್ಲುವುದಿಲ್ಲವೋ, "ಲುಕ್ ಆಫ್ಟರ್ ದ ಗಾರ್ಡನ್" ಅನ್ನುವಲ್ಲಿ ಆಫ್ಟರ್ ಕೂಡ ಗಾರ್ಡನ್ ಪಕ್ಕದಲ್ಲೇ ಇರಬೇಕು. ನಮ್ಮದು ಹಿಂದೆ ಅಂಟುತ್ತದೆ, ಅವರದು ಮುಂದೆ ನಿಲ್ಲುತ್ತದೆ, ಅಷ್ಟೇ ವ್ಯತ್ಯಾಸ. ಹಾಗಾಗಿ ಗಾರ್ಡನ್ ಬದಲು ಇಟ್ ಬಂದರೂ "ಲುಕ್ ಆಫ್ಟರ್ ಇಟ್".

"ಟರ್ನ್ ಆಫ್"ನ ಆಫ್ ಹಾಗಲ್ಲ. ಅದು ಟರ್ನ್‌ನ ಸ್ವಂತ ಬಾಲ, ಆದ್ದರಿಂದ ನಾಮಪದದ ಹಿಂದೆ ಮುಂದೆ ಎರಡೂ ಕಡೆ ಓಡಾಡಬಹುದು. ಸರ್ವನಾಮ ಬಂದಾಗ ಮಾತ್ರ ಸ್ವಾತಂತ್ರ್ಯ ಇಲ್ಲ. ಇಟ್, ದೆಮ್, ಮಿ, ಹಿಮ್, ಹರ್, ಅಸ್, ಯು ಇವು ನಡುವೆಯೇ: "ಟರ್ನ್ ಇಟ್ ಆಫ್", "ಪಿಕ್ ಮಿ ಅಪ್", "ವೇಕ್ ದೆಮ್ ಅಪ್". ಕಾರಣವೂ ಇದೆ. ಇಂಗ್ಲಿಷ್ ವಾಕ್ಯದಲ್ಲಿ ಹೊಸ ಸುದ್ದಿ ಕೊನೆಗೆ ಬರುವುದು ವಾಡಿಕೆ. ಇಟ್ ಅಂದರೆ ಆಗಲೇ ಗೊತ್ತಿರುವ ವಸ್ತು, ಅದಕ್ಕೆ ಕೊನೆಯ ಜಾಗ ಸಿಗುವುದಿಲ್ಲ. ಇದರ ತಿರುಗಾಮುರುಗವೂ ನಿಜ. ಕರ್ಮಪದ ಉದ್ದವಾಗಿದ್ದರೆ ಅದನ್ನು ಕೊನೆಗೇ ಹಾಕಿ. "ಪಿಕ್ ಅಪ್ ದ ತ್ರೀ ಗೆಸ್ಟ್ಸ್ ಕಮಿಂಗ್ ಬೈ ದ ಮಾರ್ನಿಂಗ್ ಟ್ರೇನ್" ಅಂದರೆ ಕಿವಿಗೆ ಹಿತ. ಅಪ್ ಅನ್ನು ಟ್ರೇನ್ ಆದಮೇಲೆ ಇಟ್ಟರೆ ಕೇಳುವವರು ಪಿಕ್ ಹೇಳಿದ್ದನ್ನೇ ಮರೆತಿರುತ್ತಾರೆ.

ಈಗ ಗುರುತು. ಅಟ್, ಫಾರ್, ವಿತ್, ಫ್ರಮ್, ಆಫ್ಟರ್, ಇಂಟು, ಅಗೇನ್‌ಸ್ಟ್ ಇವು ಬಂದರೆ ಕಣ್ಣುಮುಚ್ಚಿ ನಾಮಪದದ ಪಾಲು ಅನ್ನಿ, ಒಡೆಯಬೇಡಿ. ಲುಕ್ ಫಾರ್ ಇಟ್, ಡೀಲ್ ವಿತ್ ದೆಮ್, ಲುಕ್ ಇಂಟು ಇಟ್. ಅವೇ, ಬ್ಯಾಕ್, ಅಪಾರ್ಟ್ ಇವು ಬಂದರೆ ಕ್ರಿಯಾಪದದ ಪಾಲು: ಥ್ರೋ ಇಟ್ ಅವೇ, ಗಿವ್ ಇಟ್ ಬ್ಯಾಕ್, ಟೇಕ್ ಇಟ್ ಅಪಾರ್ಟ್. ತಲೆನೋವು ನಡುವಿನ ಗುಂಪಿನದು. ಅಪ್, ಡೌನ್, ಆನ್, ಆಫ್, ಇನ್, ಓವರ್, ಥ್ರೂ ಇವು ಎರಡೂ ದೋಣಿಯಲ್ಲಿ ಕಾಲಿಡುತ್ತವೆ. "ಪುಟ್ ಆನ್ ದ ಶರ್ಟ್" ಇಟ್ ಆದಾಗ "ಪುಟ್ ಇಟ್ ಆನ್". "ಗೆಟ್ ಆನ್ ದ ಬಸ್" ಇಟ್ ಆದಾಗ "ಗೆಟ್ ಆನ್ ಇಟ್". ಆನ್ ಒಂದೇ, ನಂಟು ಬೇರೆ.

ಅನುಮಾನ ಬಂದಾಗ ಅರ್ಥ ಕೇಳಿಕೊಳ್ಳಿ. ಬಾಲವನ್ನು ನಾಮಪದಕ್ಕೆ ಅಂಟಿಸಿ ಕನ್ನಡಕ್ಕೆ ತಂದರೆ ಅದಕ್ಕೊಂದು ಜಾಗ ಸಿಗುತ್ತದೆಯೇ? "ರನ್ ಅಪ್ ದ ಹಿಲ್" ಅಂದರೆ ಗುಡ್ಡದ ಮೇಲಕ್ಕೆ ಓಡು. ಮೇಲಕ್ಕೆ ಅನ್ನುವುದು ಗುಡ್ಡಕ್ಕೆ ಸೇರಿತು, ಒಡೆಯುವಂತಿಲ್ಲ. "ರನ್ ಅಪ್ ಎ ಬಿಲ್" ಅಂದರೆ ಬಿಲ್ಲಿನ ಮೇಲಕ್ಕೆ ಓಡುವುದಲ್ಲ, ಸಾಲ ಏರಿಸಿಕೊಳ್ಳುವುದು. ಅಪ್ ಇಲ್ಲಿ ರನ್‌ಗೆ ಸೇರಿತು, "ರನ್ ಇಟ್ ಅಪ್" ಸರಿ. ಇದು ನೂರಕ್ಕೆ ನೂರು ಕೆಲಸ ಮಾಡುವ ಪರೀಕ್ಷೆ ಅಲ್ಲ. "ಗೆಟ್ ಓವರ್ ಇಟ್" ಅಂದರೆ ಚೇತರಿಸಿಕೊಳ್ಳುವುದು, ಜಾಗದ ಮಾತೇ ಇಲ್ಲ, ಆದರೂ ಒಡೆಯುವುದಿಲ್ಲ. ಇಂಥಲ್ಲಿ ನಿಘಂಟೇ ಗತಿ. ಇಂಗ್ಲಿಷ್ ಕಲಿಯುವವರಿಗೆಂದೇ ಮಾಡಿದ ನಿಘಂಟು ತೆಗೆದುಕೊಳ್ಳಿ. ಅವುಗಳಲ್ಲಿ "ಸಮ್‌ಥಿಂಗ್" ಎಂಬ ಪದವನ್ನು ಕ್ರಿಯಾಪದ ಮತ್ತು ಬಾಲದ ನಡುವೆ ಹಾಕಿದ್ದರೆ ಒಡೆಯಬಹುದು, ಕೊನೆಗೆ ಮಾತ್ರ ಹಾಕಿದ್ದರೆ ಒಡೆಯಬಾರದು. ಕೆಲವು ನಿಘಂಟುಗಳು ಒಡೆಯಬಹುದಾದ ಕಡೆ ಎರಡು ಮೊನೆಯ ಬಾಣವನ್ನೇ ಹಾಕಿರುತ್ತವೆ. ಅರ್ಥ ಓದುವ ಮೊದಲು ಅದನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ.

ಜಾಗ ಬದಲಾದರೆ ಅರ್ಥವೇ ಬದಲಾಗುವ ಕಿಲಾಡಿಗಳೂ ಇವೆ. "ಸೀ ಇಟ್ ಥ್ರೂ" ಅಂದರೆ ಹಿಡಿದ ಕೆಲಸವನ್ನು ಕೊನೆ ಮುಟ್ಟಿಸುವುದು. "ಸೀ ಥ್ರೂ ಇಟ್" ಅಂದರೆ ಅದರೊಳಗಿನ ಮೋಸ ಅರ್ಥ ಮಾಡಿಕೊಳ್ಳುವುದು.

ಇನ್ನೊಂದು, ಉಚ್ಚಾರ. ಕ್ರಿಯಾಪದದ ಸ್ವಂತ ಬಾಲಕ್ಕೆ ಒತ್ತು ಬೀಳುತ್ತದೆ: ಟರ್ನ್ ಇಟ್ ಆಫ್. ನಾಮಪದದ ಬಾಲಕ್ಕೆ ಬೀಳುವುದಿಲ್ಲ: ಲುಕ್ ಅಟ್ ಇಟ್. ಜೊತೆಗೆ ಪದಗಳು ಕೂಡಿಕೊಳ್ಳುತ್ತವೆ. "ಪಿಕ್ ಇಟ್ ಅಪ್" ಎಂದು ಬಿಡಿಬಿಡಿಯಾಗಿ ಯಾರೂ ಹೇಳುವುದಿಲ್ಲ, "ಪಿಕಿಟಪ್" ಅನ್ನುತ್ತಾರೆ. ಅಮೆರಿಕದವರ ಬಾಯಲ್ಲಿ ಬಹುಪಾಲು "ಪಿಕಿಡಪ್". ನಾವು "ಬಂದು ಬಿಡು" ಅನ್ನುವುದನ್ನು "ಬಂದ್ಬಿಡು" ಅಂದ ಹಾಗೆ. ಅತಿಥಿಗಳು ಏನೋ ಗಡಬಡ ಅಂದರು ಅನಿಸಿದರೆ ಅಲ್ಲೊಂದು ಫ್ರೇಸಲ್ ವರ್ಬ್ ಇರುವ ಸಂಭವ ಹೆಚ್ಚು.

ಕಾಲುಸಂಕ ಉತ್ತರ:

ಮೇಲಿನದಕ್ಕೆ ಸೇರಿಸುವಂಥದ್ದು ಒಂದಿದೆ. ಫ್ರೇಸಲ್ ವರ್ಬ್ ಅಂದರೆ ಇಂಗ್ಲಿಷಿನವರ ವಿಚಿತ್ರ ಚಾಳಿ ಅಂತ ಹೆದರುತ್ತೇವೆ. ಇದೇ ಕೆಲಸವನ್ನು ಕನ್ನಡ ದಿನಕ್ಕೆ ಸಾವಿರ ಸಲ ಮಾಡುತ್ತದೆ, ನಮಗೆ ಗೊತ್ತಾಗುವುದಿಲ್ಲ ಅಷ್ಟೇ. ತಿನ್ನು ಮತ್ತು ತಿಂದುಬಿಡು ಒಂದೇ ಅಲ್ಲವಲ್ಲ? ಆ "ಬಿಡು" ಏನನ್ನೂ ಬಿಡುತ್ತಿಲ್ಲ, ಪೂರ್ತಿ ಮುಗಿಸು ಎಂಬ ಒತ್ತು ಕೊಡುತ್ತಿದೆ. "ಈಟ್ ಅಪ್"ನ ಅಪ್ ಮಾಡುವುದೂ ಅದನ್ನೇ, ಮೇಲಕ್ಕೆ ಅನ್ನುವ ಅರ್ಥ ಅಲ್ಲಿಲ್ಲ. ಹರಿದುಹಾಕು ಅಂದರೆ ಟೇರ್ ಅಪ್. ಎತ್ತಿಡು ಅಂದರೆ ಪುಟ್ ಅವೇ. ಬರೆದುಕೊಳ್ಳು ಅಂದರೆ ರೈಟ್ ಡೌನ್ ಅಥವಾ ನೋಟ್ ಡೌನ್. ಕೊಚ್ಚಿಹೋಗು ಅಂದರೆ ವಾಶ್ ಅವೇ: "ದ ಫುಟ್‌ಬ್ರಿಜ್ ಹ್ಯಾಸ್ ಬೀನ್ ವಾಶ್ಡ್ ಅವೇ" ಅಂದರೆ ಕಾಲುಸಂಕ ಕೊಚ್ಚಿಹೋಗಿದೆ. ತಳ್ಳಿಹಾಕು ಅಂದರೆ ಸಂದರ್ಭ ನೋಡಿ ಟರ್ನ್ ಡೌನ್ ಅಥವಾ ರೂಲ್ ಔಟ್. ಮದುವೆಯನ್ನು ಮುಂದಕ್ಕೆ ಹಾಕಿದರು ಅಂದರೆ ಪುಟ್ ಆಫ್. ಅವರು ಆಚೆಗೆ ಇಟ್ಟರು, ನಾವು ಮುಂದಕ್ಕೆ ಹಾಕಿದೆವು.

ಕೈಕೊಡು ಅನ್ನುವುದನ್ನು ನೋಡಿ. ಬೈಕು ಆಗುಂಬೆ ಘಾಟಿಯಲ್ಲಿ ಕೈಕೊಟ್ಟರೆ ಬ್ರೇಕ್ ಡೌನ್, ಸ್ನೇಹಿತ ಕೈಕೊಟ್ಟರೆ ಲೆಟ್ ಡೌನ್. ಕೈ ಎಲ್ಲಿದೆ, ಕೊಟ್ಟದ್ದೇನು ಅಂತ ನಾವು ಹುಡುಕುವುದಿಲ್ಲ, ಇಡೀ ಪದವನ್ನು ಒಂದು ಕಾಯಿ ಅಂತ ಇಟ್ಟುಕೊಂಡಿದ್ದೇವೆ. ಇಂಗ್ಲಿಷಿನಲ್ಲೂ ಅರ್ಥ ಬಿಡಿಸಲು ಬಾರದ ಕಡೆ ಅಷ್ಟೇ ಮಾಡಬೇಕು.

ಮಳೆಯ ಮಾತುಗಳಲ್ಲಂತೂ ನಮ್ಮ ಕಡೆಯ ಕನ್ನಡಕ್ಕೂ ಫ್ರೇಸಲ್ ವರ್ಬ್‌ಗೂ ಜೋಡಿ ಚೆನ್ನಾಗಿ ಹೊಂದುತ್ತದೆ. ಮಳೆ ಹಿಡ್ಕೊಂಡಿದೆ ಅಂದರೆ "ದ ರೇನ್ ಹ್ಯಾಸ್ ಸೆಟ್ ಇನ್". ಸ್ವಲ್ಪ ಬಿಟ್ಟಿದೆ ಅಂದರೆ "ಲೆಟ್ ಅಪ್". ಹೊಳವಾಯ್ತು ಅಂದರೆ "ಇಟ್ ಹ್ಯಾಸ್ ಕ್ಲಿಯರ್ಡ್ ಅಪ್". ಧರೆ ಕುಸಿದಿದೆ ಅಂದರೆ "ದ ಬ್ಯಾಂಕ್ ಹ್ಯಾಸ್ ಕೇವ್ಡ್ ಇನ್". ಇವೆಲ್ಲ ಅಕರ್ಮಕ, ಕರ್ಮಪದವೇ ಇಲ್ಲ, ಆದ್ದರಿಂದ ಒಡೆಯುವ ಪ್ರಶ್ನೆಯೂ ಇಲ್ಲ.

ಅಕರ್ಮಕ ಅಂದಾಗ ನೆನಪಾಯಿತು, ಇದು ಪಟ್ಟಿಗಳಲ್ಲಿ ಸಿಗುವುದಿಲ್ಲ. ಕನ್ನಡದಲ್ಲಿ ಆರು, ಆರಿಸು. ಬೆಂಕಿ ಆರಿತು, ಬೆಂಕಿ ಆರಿಸಿದೆ. "ಇಸು" ಹಚ್ಚಿದರೆ ಸಕರ್ಮಕ. ಇಂಗ್ಲಿಷಿನಲ್ಲಿ "ಇಸು" ಇಲ್ಲ. ಬಾಲ ಹಾಗೆಯೇ ಇದ್ದು ಕ್ರಿಯಾಪದ ಬದಲಾಗುತ್ತದೆ. ಬಚ್ಚಲೊಲೆ ತಾನಾಗಿ ಆರಿದರೆ "ದ ಫೈರ್ ವೆಂಟ್ ಔಟ್", ನೀರು ಹಾಕಿ ಆರಿಸಿದರೆ "ಐ ಪುಟ್ ದ ಫೈರ್ ಔಟ್". ದೀಪ ತಾನಾಗಿ ಹೋದರೆ ಗೋ ಆಫ್, ನಾವು ಆರಿಸಿದರೆ ಟರ್ನ್ ಆಫ್. ಕರೆಂಟ್ ಬಂದರೆ "ದ ಪವರ್ ಕೇಮ್ ಬ್ಯಾಕ್ ಆನ್", ನಾವು ಸ್ವಿಚ್ ಒತ್ತಿದರೆ ಟರ್ನ್ ಆನ್. ಈ ಜೋಡಿಗಳನ್ನು ಜೋಡಿಯಾಗಿಯೇ ಕಲಿಯಿರಿ. ಒಂಟಿಯಾಗಿ ಕಲಿತರೆ "ದ ಲೈಟ್ ಟರ್ನ್ಡ್ ಆಫ್ ಬೈ ರೇನ್" ಥರದ್ದು ಬಾಯಿಗೆ ಬರುತ್ತದೆ.

ಮಂಡಿಪೇಟೆ ಉತ್ತರ:

ಕಾಲುಸಂಕ ಅವರ ಜೋಡಿ ಚೆನ್ನಾಗಿದೆ. ಒಂದು ಎಚ್ಚರಿಕೆ ಮಾತ್ರ: "ಅಪ್ ಅಂದರೆ ಪೂರ್ತಿ" ಅನ್ನುವ ಸೂತ್ರವನ್ನು ಮನೆಬಾಗಿಲಿಗೆ ಬರೆದು ಅಂಟಿಸಬೇಡಿ. ಮನೆ ಸುಟ್ಟುಹೋದರೆ ಬರ್ನ್ ಡೌನ್, ಕಾಗದ ಸುಟ್ಟುಹೋದರೆ ಬರ್ನ್ ಅಪ್. ಎರಡೂ ಪೂರ್ತಿಯೇ, ಬಾಲ ಉಲ್ಟಾ. ಫಾರಂ ತುಂಬುವುದಕ್ಕೆ ಫಿಲ್ ಇನ್ ಅಂದರೂ ಫಿಲ್ ಔಟ್ ಅಂದರೂ ಒಂದೇ. ಮೊದಲನೆಯದು ಬ್ರಿಟನ್ನಿನಲ್ಲಿ ಹೆಚ್ಚು, ಎರಡನೆಯದು ಅಮೆರಿಕದಲ್ಲಿ. ನಾವು ಮಾತ್ರ ಫಾರಂಗೂ ಫಿಲ್ ಅಪ್ ಅನ್ನುತ್ತೇವೆ. ಅದು ಬಾಟಲಿ, ಟ್ಯಾಂಕು, ಹಂಡೆಗಳಿಗೆ ಸರಿಯಾದ ಮಾತು.

ಬಾಲದ ಅರ್ಥ ಊಹೆಗೆ ಒಂದು ಊರುಗೋಲು. ಕೇಳಿದ್ದನ್ನು ಅರ್ಥ ಮಾಡಿಕೊಳ್ಳಲು ಬಳಸಿ, ಹೊಸದನ್ನು ನೀವೇ ಕಟ್ಟಲು ಬಳಸಬೇಡಿ.

ಸೋಗೆಮನೆ:

ಬಹಳ ಉಪಕಾರ. ಆರು–ಆರಿಸು ಜೋಡಿ ಓದಿ ಅರ್ಧ ತೊಡಕು ಬಿಡಿಸಿಕೊಂಡಿತು. ಆದರೆ ಅಲ್ಲೇ ಒಂದು ಪ್ರಶ್ನೆ. ಗೋ ಆಫ್ ಅಂದರೆ ನಿಂತುಹೋಗುವುದಾದರೆ, "ಮೈ ಅಲಾರಂ ವೆಂಟ್ ಆಫ್ ಅಟ್ ಫೈವ್" ಅಂದರೆ ಐದಕ್ಕೆ ಅಲಾರಂ ನಿಂತಿತು ಅಂತಲೇ? ಮತ್ತೆ "ಗೆಟ್ ಡೌನ್ ಅಟ್ ಸಾಗರ" ಅಂದರೆ ತಪ್ಪೇ? ಬಸ್ಸಿನಲ್ಲಿ ಎಲ್ಲರೂ ಹಾಗೇ ಹೇಳುತ್ತಾರೆ. "ಹಾಟ್ ವಾಟರ್ ಈಸ್ ಓವರ್" ಅಂದಾಗಲೂ ಒಬ್ಬೊಬ್ಬರು ಮುಖ ನೋಡುತ್ತಾರೆ.

ಹೊಳವು ಉತ್ತರ:

ಅಲಾರಂ ಹೊಡೆಯಿತು ಅಂತ ಅರ್ಥ. ಇಲ್ಲಿ ಕನ್ನಡಿಗರು ಬೀಳುವುದಕ್ಕೆ ಕಾರಣ, ನಾವು "ಆಫ್ ಆಯ್ತು" ಅನ್ನುವುದನ್ನು ಕನ್ನಡ ಪದವನ್ನಾಗಿಯೇ ಮಾಡಿಕೊಂಡಿದ್ದೇವೆ. ಅಲಾರಂ, ಪಟಾಕಿ, ಬಾಂಬು ಇವು ಗೋ ಆಫ್ ಆದರೆ ಸಿಡಿದವು ಅಥವಾ ಹೊಡೆದುಕೊಂಡವು. ದೀಪ, ಫ್ಯಾನು, ಕರೆಂಟು ಗೋ ಆಫ್ ಆದರೆ ನಿಂತವು. ಬ್ರಿಟನ್ನಿನ ಅತಿಥಿ "ದ ಮಿಲ್ಕ್ ಹ್ಯಾಸ್ ಗಾನ್ ಆಫ್" ಅಂದರೆ ಹಾಲು ಕೆಟ್ಟಿದೆ ಅಂತ. ಬೇರೆ ಹಾಲು ಕೊಡಿ. ಒಂದೇ ವೇಷ, ಮೂರು ಪಾತ್ರ. ಜೊತೆಯ ನಾಮಪದ ನೋಡಿದ ಮೇಲೆಯೇ ಅರ್ಥ ತೀರ್ಮಾನಿಸಬೇಕು.

ಇದೇ "ಆಫ್ ಮಾಡು" ಇನ್ನೊಂದು ತಪ್ಪಿನ ತಾಯಿ. ಕನ್ನಡದಲ್ಲಿ ಕ್ರಿಯೆ ಇರುವುದು "ಮಾಡು"ವಿನಲ್ಲಿ. ಇಂಗ್ಲಿಷ್ ಮಾತಾಡುವಾಗ ಮಾಡು ಉದುರಿ "ಆಫ್ ದ ಫ್ಯಾನ್", "ಆನ್ ದ ಲೈಟ್" ಆಗುತ್ತದೆ, ಕ್ರಿಯಾಪದವೇ ಇಲ್ಲದ ವಾಕ್ಯ. ಟರ್ನ್ ಅಥವಾ ಸ್ವಿಚ್ ಬೇಕೇ ಬೇಕು. ಸ್ವಿಚ್ ಕರೆಂಟಿನ ವಸ್ತುಗಳಿಗೆ. ನಲ್ಲಿಗೆ, ಗ್ಯಾಸಿಗೆ ಟರ್ನ್ ಹೇಳಿ. ನಲ್ಲಿ ಬಂದ್ ಮಾಡು ಅನ್ನುವುದು "ಕ್ಲೋಸ್ ದ ಟ್ಯಾಪ್" ಆಗಬೇಕಿಲ್ಲ, "ಟರ್ನ್ ದ ಟ್ಯಾಪ್ ಆಫ್" ಸಹಜ. ಮೇಣದಬತ್ತಿ, ಸಿಗರೇಟು, ಬೆಂಕಿಗೆ ಪುಟ್ ಔಟ್.

ಗೆಟ್ ಡೌನ್ ತಪ್ಪು ಅನ್ನುವುದಕ್ಕಿಂತ ಭಾರತದ ಇಂಗ್ಲಿಷ್ ಅನ್ನೋಣ. ನಮ್ಮೊಳಗೆ ಯಾರಿಗೂ ತೊಂದರೆ ಇಲ್ಲ. ಹೊರಗಿನವರಿಗೆ ಗೆಟ್ ಡೌನ್ ಅಂದರೆ ಮರದಿಂದ, ಏಣಿಯಿಂದ ಇಳಿಯುವುದು, ಇಲ್ಲವೇ ಗುಂಡು ಹಾರಿದಾಗ ಕೆಳಗೆ ಬಗ್ಗುವುದು. ಅವರ ಲೆಕ್ಕ ಹೀಗಿದೆ: ಒಳಗೆ ನಿಂತು ಓಡಾಡಬಹುದಾದ ವಾಹನಕ್ಕೆ, ಅಂದರೆ ಬಸ್ಸು, ರೈಲು, ವಿಮಾನ, ಹೊಳೆ ದಾಟುವ ಲಾಂಚಿಗೂ, ಗೆಟ್ ಆನ್ ಮತ್ತು ಗೆಟ್ ಆಫ್. ಮೇಲೆ ಕೂರುವ ಬೈಕು, ಸೈಕಲ್ಲಿಗೂ ಅದೇ. ಬಗ್ಗಿ ಒಳಗೆ ಸೇರಿಕೊಳ್ಳಬೇಕಾದ ಕಾರು, ಆಟೊಗಳಿಗೆ ಗೆಟ್ ಇನ್ ಮತ್ತು ಗೆಟ್ ಔಟ್. ಹಾಗಾಗಿ "ಗೆಟ್ ಆಫ್ ದ ಟ್ರೇನ್ ಅಟ್ ಶಿವಮೊಗ್ಗ ಅಂಡ್ ಗೆಟ್ ಇನ್ ಅವರ್ ಕಾರ್". ಕಾರು ಎಂಬ ಪದ ಹೇಳುವುದಾದರೆ ಇಳಿಯುವಾಗ "ಗೆಟ್ ಔಟ್ ಆಫ್ ದ ಕಾರ್", ನಡುವೆ ಆ ಆಫ್ (of, ಟರ್ನ್ ಆಫ್‌ನ off ಅಲ್ಲ) ಬಿಡಬೇಡಿ. ಬರೀ "ಗೆಟ್ ಔಟ್" ಅಂದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ ಮಾರಾಯ್ರೇ.

"ಈಸ್ ಓವರ್" ಅನ್ನುವುದು ಕಾಲಕ್ಕೆ, ಘಟನೆಗೆ. ಮಳೆಗಾಲ, ಪಂದ್ಯ, ಊಟದ ಹೊತ್ತು ಓವರ್ ಆಗುತ್ತವೆ. ನೀರು, ಅಕ್ಕಿ, ಹಾಲು, ಪೆಟ್ರೋಲು ಖಾಲಿಯಾದರೆ ರನ್ ಔಟ್. ಇಲ್ಲೂ ಎರಡು ಸಾಲು ಇವೆ: ವಸ್ತು ಕರ್ತೃವಾದರೆ "ದ ಹಾಟ್ ವಾಟರ್ ಹ್ಯಾಸ್ ರನ್ ಔಟ್", ಜನ ಕರ್ತೃವಾದರೆ "ವಿ ಹ್ಯಾವ್ ರನ್ ಔಟ್ ಆಫ್ ಹಾಟ್ ವಾಟರ್". ಎರಡನೆಯದಕ್ಕೆ ಮೂರು ತುಂಡು. ಮೂರು ತುಂಡಿನವು ಸಾಮಾನ್ಯವಾಗಿ ಒಡೆಯುವುದಿಲ್ಲ: ಪುಟ್ ಅಪ್ ವಿತ್ ಇಟ್, ರನ್ ಔಟ್ ಆಫ್ ಇಟ್, ಲುಕ್ ಫಾರ್ವರ್ಡ್ ಟು ಇಟ್.

ಲುಕ್ ಫಾರ್ವರ್ಡ್ ಟು ಆದಮೇಲೆ "ಮೀಟ್ ಯು" ಅಲ್ಲ, "ಮೀಟಿಂಗ್ ಯು". ಆ ಟು ನಾಮಪದದ ಟು. "ಲುಕ್ ಫಾರ್ವರ್ಡ್ ಟು ದಸರಾ" ಅನ್ನಬಹುದಾದ ಕಡೆ ಕ್ರಿಯಾಪದ ಬಂದರೆ ಅದಕ್ಕೆ ಇಂಗ್ ಹಚ್ಚಬೇಕು.

ಇನ್ನು ಕೆಲವನ್ನು ಬೇಗ ಹೇಳಿಬಿಡುತ್ತೇನೆ. ಕೋಪ್ ಅಪ್ ವಿತ್ ಬೇಡ, ಕೋಪ್ ವಿತ್ ಸಾಕು. ಕೀಪ್ ಅಪ್ ವಿತ್, ಪುಟ್ ಅಪ್ ವಿತ್ ಇವುಗಳ ಸಹವಾಸದಿಂದ ಅಲ್ಲೊಂದು ಅಪ್ ಅಂಟಿಕೊಂಡಿದೆ. ಡಿಸ್ಕಸ್ ಅಬೌಟ್ ಬೇಡ. ನಮ್ಮ "ಬಗ್ಗೆ ಚರ್ಚಿಸು" ಅಲ್ಲಿ ಇಣುಕುತ್ತಿದೆ. ರಿಟರ್ನ್ ಬ್ಯಾಕ್, ರಿವರ್ಟ್ ಬ್ಯಾಕ್ ಅಂದರೆ ವಾಪಸ್ಸು ಎರಡು ಸಲ ಬಂದ ಹಾಗೆ. "ಪಾಸ್ಡ್ ಔಟ್ ಫ್ರಮ್ ಕಾಲೇಜ್" ಅನ್ನುವುದನ್ನು ವಿದೇಶದ ಅತಿಥಿ ಕೇಳಿದರೆ ಗೊಂದಲವಾಗುತ್ತದೆ, ಪಾಸ್ ಔಟ್ ಅಂದರೆ ಅವರಿಗೆ ಮೂರ್ಛೆ ಹೋಗುವುದು. ಗ್ರಾಜುಯೇಟೆಡ್ ಅನ್ನಿ. "ವೇರ್ ಆರ್ ಯು ಪುಟ್ ಅಪ್" ಕೂಡ ಹಳೇ ಕಾಲದ್ದು. "ವೇರ್ ಆರ್ ಯು ಸ್ಟೇಯಿಂಗ್" ಸಾಕು.

ಪ್ರಶ್ನೆ ಕೇಳುವಾಗ ಬಾಲ ಬೀಳಿಸುವುದೂ ನಮ್ಮಲ್ಲಿ ಹೆಚ್ಚು. "ವಾಟ್ ಆರ್ ಯು ಲುಕಿಂಗ್?" ಅಲ್ಲ, "ವಾಟ್ ಆರ್ ಯು ಲುಕಿಂಗ್ ಫಾರ್?". ಅಲ್ಲಿ ನಾಮಪದ ವಾಟ್ ಆಗಿ ವಾಕ್ಯದ ಮುಂದಕ್ಕೆ ಓಡಿದೆ, ಫಾರ್ ಒಂಟಿಯಾಗಿ ಕೊನೆಯಲ್ಲಿ ಕೂತಿದೆ. ತುಂಗಾದಂಡೆ ಹೇಳಿದ ವಿಭಕ್ತಿಯ ಹೋಲಿಕೆ ಇಲ್ಲಿ ಮುರಿದುಬೀಳುತ್ತದೆ, ಕನ್ನಡದ "ಗೆ" ಹೀಗೆ ಹಿಂದೆ ಉಳಿಯುವುದಿಲ್ಲ. ಕರ್ಮಣಿಯಲ್ಲೂ ಅಷ್ಟೇ. "ದ ಗಾರ್ಡನ್ ಈಸ್ ಲುಕ್ಡ್ ಆಫ್ಟರ್ ಬೈ ಟೂ ಪೀಪಲ್" ಅನ್ನುವಲ್ಲಿ ಆಫ್ಟರ್, ಬೈ ಒಟ್ಟಿಗೆ ಬಂದಿದ್ದು ನೋಡಿ ಒಂದನ್ನು ಕಿತ್ತುಹಾಕಬೇಡಿ.

ತುಂಗಾದಂಡೆ:

ಒಪ್ಪಿದೆ, ಹೋಲಿಕೆ ಅಲ್ಲಿಯವರೆಗೆ ಮಾತ್ರ.

ಸೋಗೆಮನೆ:

ಒಂದು ಉಪಕಾರ ಮಾಡುತ್ತೀರಾ? ಕೋಣೆಯಲ್ಲಿ ಇಡುವ ಸೂಚನೆಯ ಕಾರ್ಡಿಗೆ ಹತ್ತು ಸಾಲು ಬೇಕು. ಕರೆದುಕೊಂಡು ಬರುವುದು, ಬಿಡುವುದು, ಗೀಸರು, ಕರೆಂಟು, ಇಂಬಳ, ಜಾರುವ ಬಂಡೆ. ಯಾವ ಸಾಲಿನಲ್ಲಿ ಯಾಕೆ ಹಾಗೆ ಅಂತಲೂ ಹೇಳಿದರೆ ಉಳಿದದ್ದನ್ನು ಕಟ್ಟಿಕೊಳ್ಳಬಹುದು.

ಕಾಲುಸಂಕ ಉತ್ತರ:

"ವಿ ವಿಲ್ ಪಿಕ್ ಯು ಅಪ್ ಫ್ರಮ್ ಶಿವಮೊಗ್ಗ ಸ್ಟೇಷನ್ ಅಂಡ್ ಡ್ರಾಪ್ ಯು ಆಫ್ ಅಟ್ ದ ಬಸ್ ಸ್ಟ್ಯಾಂಡ್." ಯು ಎರಡೂ ಕಡೆ ನಡುವೆ. "ಪಿಕಪ್ ಅಂಡ್ ಡ್ರಾಪ್" ಅನ್ನುವುದು ನಮ್ಮ ನಾಮಪದ, ವಾಕ್ಯದಲ್ಲಿ ಡ್ರಾಪ್ ಜೊತೆ ಆಫ್ ಸೇರಿಸಿದರೆ ಒಳ್ಳೆಯದು. ಬರೀ ಡ್ರಾಪ್ ಅಂದರೆ ಮೊದಲಿಗೆ ಕೈಯಿಂದ ಬೀಳಿಸುವ ಚಿತ್ರವೇ ಬರುತ್ತದೆ.

"ಯು ಕ್ಯಾನ್ ಚೆಕ್ ಇನ್ ಆಫ್ಟರ್ ಟ್ವೆಲ್ವ್. ಪ್ಲೀಸ್ ಚೆಕ್ ಔಟ್ ಬೈ ಇಲೆವೆನ್." ಕೋಣೆ ಅಂತ ಹೇಳುವುದಾದರೆ ಇನ್ ಹೋಗಿ ಇಂಟು ಆಗುತ್ತದೆ: ಚೆಕ್ ಇಂಟು ದ ರೂಮ್. ಹೊರಡುವಾಗ ಚೆಕ್ ಔಟ್ ಆಫ್ ದ ರೂಮ್.

"ಟರ್ನ್ ದ ಗೀಸರ್ ಆನ್ ಫಿಫ್ಟೀನ್ ಮಿನಿಟ್ಸ್ ಬಿಫೋರ್ ಯುವರ್ ಬಾತ್, ಅಂಡ್ ಟರ್ನ್ ಇಟ್ ಆಫ್ ಬಿಫೋರ್ ಯು ಗೋ ಇನ್." ಮೊದಲ ಸಲ ವಸ್ತುವಿನ ಹೆಸರು, ಎರಡನೇ ಸಲ ಇಟ್, ಅದಕ್ಕೇ ಜಾಗ ನಡುವೆ. ನಿಮ್ಮ ಗೀಸರಿಗೆ ಬೇಕಾದಷ್ಟು ನಿಮಿಷ ಹಾಕಿಕೊಳ್ಳಿ.

"ದ ಪವರ್ ಮೇ ಗೋ ಆಫ್ ಇನ್ ಹೆವಿ ರೇನ್. ಇಟ್ ಯೂಶುಲಿ ಕಮ್ಸ್ ಬ್ಯಾಕ್ ಆನ್ ಬೈ ನೈಟ್." ರಾತ್ರಿಗೆ ಬರುತ್ತದೆ ಅನ್ನುವ ಧೈರ್ಯ ಇದ್ದರೆ ಮಾತ್ರ ಎರಡನೇ ವಾಕ್ಯ.

"ಟಕ್ ಯುವರ್ ಟ್ರೌಸರ್ಸ್ ಇಂಟು ಯುವರ್ ಸಾಕ್ಸ್. ಇಫ್ ಎ ಲೀಚ್ ಬೈಟ್ಸ್, ಡೋಂಟ್ ಪುಲ್ ಇಟ್ ಆಫ್. ಸ್ಲೈಡ್ ಎ ಫಿಂಗರ್‌ನೇಲ್ ಅಂಡರ್ ಇಟ್ಸ್ ಮೌತ್ ಅಂಡ್ ಫ್ಲಿಕ್ ಇಟ್ ಆಫ್." ಇಂಬಳವನ್ನು ಎಳೆಯುವುದಕ್ಕೂ ಚಿಮ್ಮುವುದಕ್ಕೂ ಇರುವ ವ್ಯತ್ಯಾಸ ಕ್ರಿಯಾಪದದಲ್ಲಿದೆ, ಮೈಯಿಂದ ಬೇರೆಯಾಗುವುದು ಆಫ್‌ನಲ್ಲಿದೆ. ಹೊಟ್ಟೆ ತುಂಬಿ ತಾನಾಗಿ ಉದುರಿದರೆ "ಇಟ್ ಡ್ರಾಪ್ಸ್ ಆಫ್". ಉಗುರು ಜಾರಿಸುವ ಅಂಡರ್ ಮಾತ್ರ ನಾಮಪದದ ಪಾಲು, ಬಾಯಿಯ ಕೆಳಗೆ ಎಂಬ ಜಾಗ ಸಿಗುತ್ತದೆ ನೋಡಿ.

"ಕೀಪ್ ಆಫ್ ದ ವೆಟ್ ರಾಕ್ಸ್" ಅಂದರೆ ಬಂಡೆಯ ಮೇಲೆ ಕಾಲಿಡಬೇಡಿ. "ಕೀಪ್ ಅವೇ ಫ್ರಮ್ ದ ಎಡ್ಜ್" ಅಂದರೆ ಅಂಚಿನ ಹತ್ತಿರವೇ ಹೋಗಬೇಡಿ. ಜೋಗಕ್ಕೆ ಕಳಿಸುವಾಗ ಎರಡನೆಯದು. ಕೀಪ್ ಆಫ್‌ನ ಆಫ್ ಮೇಲ್ಮೈಗೆ ಸೇರಿದ್ದು, ಆದ್ದರಿಂದ "ಕೀಪ್ ಆಫ್ ದೆಮ್". ಟರ್ನ್ ಇಟ್ ಆಫ್ ನೋಡಿ "ಕೀಪ್ ದೆಮ್ ಆಫ್" ಅಂದರೆ ಬಂಡೆಗಳನ್ನೇ ದೂರ ಇಡಿ ಅಂದ ಹಾಗಾಗುತ್ತದೆ.

ಅಂಗಳದಲ್ಲಿ ಅಡಿಕೆ ಒಣಗಿಸುವುದನ್ನು ಅತಿಥಿಗಳಿಗೆ ತೋರಿಸುವುದಿದ್ದರೆ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. "ವಿ ಸ್ಪ್ರೆಡ್ ದ ನಟ್ಸ್ ಔಟ್ ಇನ್ ದ ಮಾರ್ನಿಂಗ್. ಇಫ್ ಇಟ್ ರೇನ್ಸ್ ವಿ ಗ್ಯಾದರ್ ದೆಮ್ ಅಪ್ ಅಂಡ್ ಕವರ್ ದೆಮ್ ಅಪ್." ಹರವು, ಬಾಚು, ಮುಚ್ಚು ಮೂರಕ್ಕೂ ಕೈ ಆಡಿಸುತ್ತಾ ಒಮ್ಮೆ ನಟ್ಸ್ ಹಾಕಿ, ಒಮ್ಮೆ ದೆಮ್ ಹಾಕಿ ಹೇಳಿ. ಒಂದು ದಿನಕ್ಕೆ ಒಂದು ಜಾಗ ಸಾಕು: ಇವತ್ತು ಬಚ್ಚಲು, ನಾಳೆ ಅಡುಗೆಮನೆ, ನಾಡಿದ್ದು ಅಂಗಳ. ಜಾಗಕ್ಕೆ ಎಂಟೋ ಹತ್ತೋ ವಾಕ್ಯ, ಪ್ರತಿಯೊಂದನ್ನೂ ನಾಮಪದದಲ್ಲೂ ಸರ್ವನಾಮದಲ್ಲೂ. ಅಕಾರಾದಿ ಪಟ್ಟಿ ಕಲಸಿಹೋಗುವುದಕ್ಕೆ ಕಾರಣವೇ ಒಂದೇ ಪುಟ್ ಪಕ್ಕಪಕ್ಕ ಏಳು ಸಲ ಬರುವುದು. ಜಾಗದ ಪ್ರಕಾರ ಕಲಿತರೆ ಪುಟ್ ಔಟ್ ಒಲೆಯ ಹತ್ತಿರ ಇರುತ್ತದೆ, ಪುಟ್ ಆನ್ ಬಟ್ಟೆಯ ಹತ್ತಿರ, ಪುಟ್ ಆಫ್ ಕ್ಯಾಲೆಂಡರಿನ ಹತ್ತಿರ.

ಮಂಡಿಪೇಟೆ ಉತ್ತರ:

ಕಾರ್ಡಿಗೆ ಇವೆಲ್ಲ ಸರಿ. ಬುಕಿಂಗ್ ಮೇಲ್‌ಗಳಿಗೂ ಇದೇ ಧಾಟಿ ಬೇಕೇ ಅನ್ನುವುದು ಬೇರೆ ಪ್ರಶ್ನೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆಡಳಿತದ ಮಾತಿಗೆ ಫ್ರೆಂಚ್, ಲ್ಯಾಟಿನ್ ಪದಗಳು ಸೇರಿಕೊಂಡವು. ಮನೆಮಾತಿನಲ್ಲಿ ಹಳೆಯ ಸಣ್ಣ ಕ್ರಿಯಾಪದಗಳು ಬಾಲ ಕಟ್ಟಿಕೊಂಡು ಉಳಿದವು. ಅದರಿಂದ ಒಂದೇ ಕೆಲಸಕ್ಕೆ ಎರಡು ಮಾತು: ಪುಟ್ ಆಫ್ ಮತ್ತು ಪೋಸ್ಟ್‌ಪೋನ್, ಫೈಂಡ್ ಔಟ್ ಮತ್ತು ಡಿಸ್ಕವರ್, ಪುಟ್ ಅಪ್ ವಿತ್ ಮತ್ತು ಟಾಲರೇಟ್, ಲುಕ್ ಇಂಟು ಮತ್ತು ಇನ್ವೆಸ್ಟಿಗೇಟ್. ನಮ್ಮಲ್ಲಿ "ಬಸ್ಸು ನಿಂತಿದೆ" ಮತ್ತು "ಬಸ್ ಸಂಚಾರ ಸ್ಥಗಿತಗೊಂಡಿದೆ" ಇದ್ದ ಹಾಗೆ. ಅತಿಥಿಯ ಎದುರು ನಿಂತು "ಕೈಂಡ್ಲಿ ಎಕ್ಸ್‌ಟಿಂಗ್ವಿಶ್ ದ ಕ್ಯಾಂಡಲ್" ಅಂದರೆ ನೋಟಿಸ್ ಬೋರ್ಡು ಮಾತಾಡಿದಂತೆ ಕೇಳುತ್ತದೆ.

ಹಾಗಂತ ಫ್ರೇಸಲ್ ವರ್ಬ್ ಎಲ್ಲವೂ ಆಡುಮಾತು ಅಂದುಕೊಳ್ಳಬೇಡಿ. ಕ್ಯಾರಿ ಔಟ್, ಪಾಯಿಂಟ್ ಔಟ್, ಅಕೌಂಟ್ ಫಾರ್ ಇವು ಎಂಥ ಗಂಭೀರ ವರದಿಯಲ್ಲೂ ನಡೆಯುತ್ತವೆ. ಲಾಗ್ ಇನ್, ಚೆಕ್ ಇನ್, ಬ್ಯಾಕ್ ಅಪ್ ಇವುಗಳಿಗೆ ಬದಲಿ ಪದ ಹುಡುಕುವ ಕಷ್ಟವೂ ಬೇಡ.

ಸೋಗೆಮನೆ:

ಕಾರ್ಡು ಬರೆದಾಯಿತು. ಕೊನೆಯ ಒಂದು ಅನುಮಾನ. ಚೆಕ್ ಔಟ್ ಎರಡು ಪದವೋ ಒಂದೋ? ಕೆಲವು ಕಡೆ ಕೂಡಿಸಿ ಬರೆದಿರುತ್ತಾರೆ.

ಹೊಳವು ಉತ್ತರ:

ಕ್ರಿಯೆಯಾದರೆ ಎರಡು ಪದ, ಒತ್ತು ಔಟ್ ಮೇಲೆ. ನಾಮಪದವಾದರೆ ಕೂಡಿಸಿ ಬರೆಯಬೇಕು, ಒತ್ತು ಚೆಕ್ ಮೇಲೆ. "ಪ್ಲೀಸ್ ಚೆಕ್ ಔಟ್ ಬೈ ಇಲೆವೆನ್" ಎಂಬಲ್ಲಿ ಬಿಡಿಸಿ, "ಚೆಕ್‌ಔಟ್ ಟೈಮ್: ಇಲೆವೆನ್" ಎಂಬಲ್ಲಿ ಕೂಡಿಸಿ. ಚೆಕ್‌ಇನ್ ನಾಮಪದವಾದಾಗ ನಡುವೆ ಅಡ್ಡಗೆರೆ ಹಾಕುವುದು ರೂಢಿ. ಸಂಶಯ ಬಂದರೆ ಭೂತಕಾಲಕ್ಕೆ ತಿರುಗಿಸಿ ನೋಡಿ. "ಚೆಕ್ಡ್ ಔಟ್" ಅಂತ ನಡುವೆ ಪ್ರತ್ಯಯ ನುಗ್ಗಿದರೆ ಅದು ಕ್ರಿಯಾಪದ, ಬಿಡಿಸಿಯೇ ಬರೆಯಬೇಕು. "ಚೆಕ್‌ಔಟೆಡ್" ಅಂತ ಯಾರೂ ಅನ್ನುವುದಿಲ್ಲ. ಲಾಗಿನ್, ಸೆಟಪ್, ಬ್ಯಾಕಪ್‌ಗಳಿಗೂ ಇದೇ ಪರೀಕ್ಷೆ.

ಬಾಲ ಮುಂದಕ್ಕೆ ಬಂದು ನಾಮಪದವಾಗುವವೂ ಇವೆ. ಕೊಳೆರೋಗ ಹಬ್ಬಿದರೆ "ಕೊಳೆರೋಗ ಹ್ಯಾಸ್ ಬ್ರೋಕನ್ ಔಟ್", ಹಬ್ಬಿದ ಆ ಘಟನೆ "ಔಟ್‌ಬ್ರೇಕ್". ಅದನ್ನೇ ತಿರುಗಿಸಿ ಬ್ರೇಕ್‌ಔಟ್ ಅಂದರೆ ಜೈಲಿನಿಂದ ತಪ್ಪಿಸಿಕೊಂಡು ಹೋದದ್ದು.